ಹಳೆಯ ಲಾರಿಯ ಶಾಫ್ಟು: ಸದ್ದೂ ಅದರ ಕಾರಣವೂ

ಕಲಾ ವಿಭಾಗದ ವಿದ್ಯಾರ್ಥಿಗೆ ಲಾರಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ನಾವು ಉಣ್ಣುವ ಅಕ್ಕಿ, ಮನೆ ಕಟ್ಟುವ ಇಟ್ಟಿಗೆ, ಓದುವ ಪುಸ್ತಕ ಎಲ್ಲವೂ ಲಾರಿಯನ್ನೇರಿಯೇ ಊರಿಗೆ ಬರುತ್ತವೆ. ಒಂದೇ ಒಂದು ಹಳೆಯ ಲಾರಿಯನ್ನು ನಂಬಿ ಬದುಕುವ ಸಂಸಾರಗಳೂ ಉಂಟು. ಅಂಥ ಲಾರಿ ವಾರಗಟ್ಟಲೆ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಆದುದರಿಂದ ಅದರ ಅಡಿಯಿಂದ ಹೊರಡುವ ಸದ್ದಿನ ಅರ್ಥವನ್ನು ತಿಳಿಯುವುದು ವ್ಯರ್ಥವಾದ ಶ್ರಮವಲ್ಲ.

ಜಮ್‌ಷೆಡ್‌ಪುರದಲ್ಲಿ 1954ರಿಂದ ತಯಾರಾದ ಟಾಟಾ ಮರ್ಸಿಡಿಸ್ ಲಾರಿಗಳಿಂದ ಹಿಡಿದು ಇಂದು ನಮ್ಮ ರಸ್ತೆಗಳಲ್ಲಿ ಉಳಿದಿರುವ ಹಳೆಯ ಲಾರಿಗಳವರೆಗೆ ಮುಖ್ಯ ಏರ್ಪಾಡು ಒಂದೇ. ಎಂಜಿನ್ನೂ ಗೇರ್‌ಬಾಕ್ಸೂ ಮುಂದೆ ಚಾಸಿಯ ಮೇಲೆ ಕುಳಿತಿವೆ. ಓಡಿಸುವ ಚಕ್ರಗಳು ಹಿಂದೆ ಇವೆ. ಹೊಂಡ ಬಂದಾಗಲೆಲ್ಲ ಹಿಂದಿನ ಆಕ್ಸಲ್ ಸ್ಪ್ರಿಂಗಿನೊಡನೆ ಏರಿಳಿಯುತ್ತದೆ. ಈ ಎರಡನ್ನೂ ಕೂಡಿಸುವ ಉದ್ದನೆಯ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟು. ಅದರ ಎರಡು ತುದಿಗಳಲ್ಲೂ ಕವೆಯಂಥ ಯೋಕ್‌ಗಳು, ಅವುಗಳ ನಡುವೆ ನಾಲ್ಕು ತೋಳಿನ ಕ್ರಾಸ್. ಕ್ರಾಸಿನ ಪ್ರತಿ ತೋಳಿಗೂ ಸೂಜಿಯಂಥ ರೋಲರುಗಳನ್ನು ತುಂಬಿದ ಒಂದು ಬಟ್ಟಲು. ಉದ್ದ ಚಾಸಿಯ ಲಾರಿಗಳಲ್ಲಿ ಶಾಫ್ಟು ಎರಡು ತುಂಡಾಗಿದ್ದು, ನಡುವೆ ರಬ್ಬರಿನಲ್ಲಿ ಕೂತ ಸೆಂಟರ್ ಬೇರಿಂಗ್ ಅದನ್ನು ಹೊರುತ್ತದೆ.

17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರು ಹೊತ್ತ ಈ ಕೀಲಿಗೆ ಒಂದು ವಿಚಿತ್ರ ಸ್ವಭಾವವಿದೆ. ಅದು ಓರೆಯಾಗಿ ತಿರುಗುವಾಗ ಒಂದು ಕಡೆ ಒಂದೇ ವೇಗ ಕೊಟ್ಟರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ, ಎರಡು ಸಲ ಕುಗ್ಗುತ್ತದೆ. ಓರೆ 10 ಡಿಗ್ರಿ ಇದ್ದರೆ ಏರಿಳಿತ ನೂರಕ್ಕೆ ಒಂದೂವರೆಯಷ್ಟು. 30 ಡಿಗ್ರಿಯಾದರೆ ನೂರಕ್ಕೆ ಹದಿಮೂರಕ್ಕೂ ಮೀರುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಶಾಫ್ಟಿನಲ್ಲಿ ಈ ಜಗ್ಗಾಟ ಸೆಕೆಂಡಿಗೆ 50 ಸಲ ನಡೆಯುತ್ತದೆ. ಮುಂದಿನ ಕೀಲು ಮಾಡಿದ ಏರಿಳಿತವನ್ನು ಹಿಂದಿನ ಕೀಲು ಅಳಿಸಬೇಕು. ಅದಕ್ಕೆ ಎರಡು ನಿಯಮಗಳಿವೆ: ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ಸಮದಲ್ಲಿರಬೇಕು, ಎರಡೂ ಕೀಲುಗಳ ಓರೆ ಸಮನಾಗಿರಬೇಕು. ಅಲೈನ್‌ಮೆಂಟ್ ಎಂದರೆ ಮುಖ್ಯವಾಗಿ ಇದೇ.

ಇನ್ನು ಸದ್ದುಗಳನ್ನು ವಿಚಾರಿಸೋಣ. ಗೇರು ಹಾಕಿ ಕ್ಲಚ್ಚು ಬಿಟ್ಟೊಡನೆ, ಅಥವಾ ಆಕ್ಸಿಲರೇಟರು ಬಿಟ್ಟು ಮತ್ತೆ ಒತ್ತಿದಾಗ 'ಕಟಕ್' ಎಂದರೆ ಕ್ರಾಸ್ ಸವೆದಿರಬಹುದು, ಜಾರುವ ಸ್ಪ್ಲೈನ್ ಸವೆದಿರಬಹುದು, ಫ್ಲೇಂಜಿನ ಬೋಲ್ಟು ಸಡಿಲವಾಗಿರಬಹುದು. ನಿಧಾನವಾಗಿ ಹೋಗುವಾಗ ಹಕ್ಕಿಯ ಚಿಲಿಪಿಲಿಯಂಥ ಸದ್ದು ಬಂದರೆ ಬಟ್ಟಲಿನಲ್ಲಿ ಗ್ರೀಸ್ ಒಣಗಿದೆ. ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅದೇ ಸಾಕ್ಷಿ. ನಡುಭಾಗದಿಂದ ಬಿಡದೆ ಗುರುಗುಟ್ಟಿದರೆ ಸೆಂಟರ್ ಬೇರಿಂಗನ್ನು ನೋಡಬೇಕು. ಎಳೆಯುವಾಗ ಒಂದು ಸ್ವರ, ಇಳಿಜಾರಿನಲ್ಲಿ ಇನ್ನೊಂದು ಸ್ವರದ ಕೊರಗು ಕೇಳಿದರೆ ದೋಷ ಬಹುಮಟ್ಟಿಗೆ ಡಿಫರೆನ್ಷಿಯಲ್ಲಿನದು.

ನಡುಕವನ್ನು ಪತ್ತೆಮಾಡಲು ಸುಲಭವಾದ ಪರೀಕ್ಷೆಯೊಂದಿದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ನಡುಕ ಬರುವುದಾದರೆ, ಅದೇ ವೇಗದಲ್ಲಿಯೇ ಬೇರೆ ಗೇರಿಗೆ ಹಾಕಿ ನೋಡಬೇಕು. ನಡುಕ ಬದಲಾದರೆ ಕಾರಣ ಎಂಜಿನ್ನಿನ ಕಡೆ. ಬದಲಾಗದಿದ್ದರೆ ಗೇರ್‌ಬಾಕ್ಸಿನ ಹಿಂದೆ. ಚಕ್ರದ ಒಂದು ಸುತ್ತಿಗೆ ಶಾಫ್ಟು ಸುಮಾರು ಐದಾರು ಸುತ್ತು ತಿರುಗುವುದರಿಂದ, ಚಕ್ರದ ನಡುಕ ನಿಧಾನ, ಶಾಫ್ಟಿನ ನಡುಕ ಚುರುಕು. ಕೊಳವೆ ಬಾಗಿದ್ದರೂ, ಬೆಸೆದ ತೂಕದ ತುಂಡು ಬಿದ್ದುಹೋಗಿದ್ದರೂ, ಕೆಸರು ಗಟ್ಟಿಯಾಗಿ ಅಂಟಿದ್ದರೂ ಶಾಫ್ಟಿನ ತೂಕ ತಪ್ಪುತ್ತದೆ.

ಇವೆಲ್ಲ ಸರಿಯಿದ್ದೂ ಹೊಸ ಕ್ರಾಸ್ ಪದೇ ಪದೇ ಹಾಳಾಗುತ್ತಿದ್ದರೆ ತಪ್ಪು ಕ್ರಾಸಿನದಲ್ಲ, ಕೋನದ್ದು. ಹೆಚ್ಚು ಹೊರೆಗೆಂದು ಸ್ಪ್ರಿಂಗಿಗೆ ಪಟ್ಟಿ ಸೇರಿಸಿದರೆ ಚಾಸಿ ಆಕ್ಸಲಿನಿಂದ ಮೇಲೇಳುತ್ತದೆ. ಹಳೆಯ ಸ್ಪ್ರಿಂಗ್ ಕುಸಿದರೆ ಕೆಳಗಿಳಿಯುತ್ತದೆ. ಗೇರ್‌ಬಾಕ್ಸಿನ ರಬ್ಬರು ಕೂತರೆ ಅದರ ಬಾಲ ತಗ್ಗುತ್ತದೆ. ಯು-ಬೋಲ್ಟು ಸಡಿಲಿದರೆ ಆಕ್ಸಲೇ ಹೊರಳುತ್ತದೆ. ಸಮನೆಲದಲ್ಲಿ, ಎಂದಿನ ಹೊರೆಯೊಡನೆ ಲಾರಿಯನ್ನು ನಿಲ್ಲಿಸಿ, ಕೋನಮಾಪಕದಿಂದ ಎರಡೂ ಕೀಲುಗಳ ಓರೆಯನ್ನು ಅಳೆಯಬೇಕು. ಅವುಗಳ ಅಂತರ ಒಂದು ಡಿಗ್ರಿಯೊಳಗಿದ್ದರೆ ಒಳ್ಳೆಯದು. ಹಾಗೆಂದು ಓರೆ ಸೊನ್ನೆಯಾಗಬಾರದು. ಆಗ ರೋಲರುಗಳು ಹೊರಳದೆ ನಿಂತಲ್ಲಿಯೇ ಕುಳಿ ಬೀಳಿಸುತ್ತವೆ.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಕೆಳಗೆ ನುಸುಳುವ ಮೊದಲು ಚಕ್ರಗಳಿಗೆ ಕಲ್ಲೋ ಮರದ ಅಡ್ಡೆಯೋ ಕೊಡಬೇಕು. ಕೆಲವು ಹಳೆಯ ವಾಹನಗಳಲ್ಲಿ ಕೈಬ್ರೇಕು ಶಾಫ್ಟನ್ನೇ ಹಿಡಿಯುವುದರಿಂದ, ಶಾಫ್ಟು ಬಿಚ್ಚಿದೊಡನೆ ಬ್ರೇಕೂ ಇಲ್ಲದಂತಾಗುತ್ತದೆ. ಸ್ಪ್ಲೈನನ್ನು ಬೇರ್ಪಡಿಸುವ ಮುನ್ನ ಎರಡೂ ಕಡೆ ಗುರುತು ಹಾಕಬೇಕು. ಒಂದು ಹಲ್ಲು ತಪ್ಪಿ ಕೂಡಿಸಿದರೂ ಯೋಕ್‌ಗಳ ಸಮ ಕೆಡುತ್ತದೆ. ಗ್ರೀಸ್ ಹೊಡೆದಾಗ ನಾಲ್ಕೂ ಬಟ್ಟಲುಗಳಿಂದ ಹೊಸ ಗ್ರೀಸ್ ಇಣುಕಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಮುಂದೆ ಕಿತ್ತುಹೋಗುವುದು ಆ ಒಂದೇ. ಓಟದಲ್ಲಿ ಮುಂದಿನ ಕೀಲು ಮುರಿದರೆ ಶಾಫ್ಟಿನ ತುದಿ ರಸ್ತೆಗೆ ನಾಟಿ ಲಾರಿಯನ್ನೇ ಉರುಳಿಸಬಹುದು.

ಗ್ಯಾರೇಜಿನ ಮೇಸ್ತ್ರಿ ಕಿವಿಯಿಂದ ಅರಿತದ್ದನ್ನೇ ಗಣಿತದ ಪುಸ್ತಕ ಕೋನದಿಂದ ಹೇಳುತ್ತದೆ. ಇಬ್ಬರ ಮಾತೂ ಕೂಡಿದಲ್ಲಿ, ಸದ್ದು ಬಂದೊಡನೆ ಕೈಗೆ ಸಿಕ್ಕ ಭಾಗವನ್ನು ಬದಲಿಸುವ ದುಂದು ತಪ್ಪುತ್ತದೆ. ಮೊದಲು ಆಲಿಸಿ, ಆಮೇಲೆ ಅಳೆದು, ಕಡೆಗೆ ಬಿಚ್ಚುವುದು ಹಣಕ್ಕೂ ಕ್ಷೇಮ, ಪ್ರಾಣಕ್ಕೂ ಕ್ಷೇಮ.