ಬೇಕಾದದ್ದು ನೀರು, ಎಂಜಲಲ್ಲ

ಎಂಜಲು ಎಂಬ ಮಾತಿಗೆ ನಮ್ಮಲ್ಲಿರುವ ತೂಕ ಲ್ಯಾಟಿನ್‌ನಲ್ಲಿ ಸಿಗುವುದು ಕಷ್ಟ. ಮುನ್ನೂರು ವರ್ಷಗಳ ಹಿಂದೆ ಇದೇ ಒಂದು ಮಾತು ರೋಮ್‌ವರೆಗೆ ವ್ಯಾಜ್ಯವಾಗಿ ಹೋಗಿತ್ತು. ಆಗ ಚಿಕ್ಕಬಳ್ಳಾಪುರ ಪಾಳೆಯಗಾರರ ಊರು. ಪುದುಚೇರಿಯ ಕಡೆಯಿಂದ ಬಂದ ಫ್ರೆಂಚ್ ಜೆಸ್ವಿಟ್ ಪಾದ್ರಿಗಳ ‘ಕರ್ನಾಟಿಕ್ ಮಿಷನ್’ಗೆ ಅದೊಂದು ನೆಲೆ. ಅವರ ಕಾಗದಗಳಲ್ಲಿ ಊರಿನ ಹೆಸರು ‘ಚಿನ್ನಬಳ್ಳಾಪುರ’ದ ಫ್ರೆಂಚ್ ರೂಪ; ತೆಲುಗಿನ ‘ಚಿನ್ನ’ ಎಂದರೆ ನಮ್ಮ ‘ಚಿಕ್ಕ’. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಲ್ಲಿ ಕನ್ನಡದ ಜತೆ ತೆಲುಗೂ ಓಡಾಡುವುದನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನಿಲ್ಲ. ಮಾಂಸ ಬಿಟ್ಟು ಸನ್ಯಾಸಿಗಳಂತೆ ಬದುಕುತ್ತಿದ್ದ ಈ ಮಿಷನ್‌ನ ಪಾದ್ರಿಗಳು ಜ್ಞಾನಸ್ನಾನ (ಬ್ಯಾಪ್ಟಿಸಂ) ಕೊಡುವಾಗ ಒಂದು ಕ್ರಿಯೆಯನ್ನು ಕೈಬಿಟ್ಟಿದ್ದರು. ಯೇಸು ಕಿವುಡನೊಬ್ಬನನ್ನು ಉಗುಳು ತಾಗಿಸಿ ಗುಣಪಡಿಸಿದ ನೆನಪಿಗೆ, ಪಾದ್ರಿ ತನ್ನ ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಮಗುವಿನ ಕಿವಿ, ಮೂಗು ಮುಟ್ಟುವುದು ಆಗಿನ ವಿಧಿ. ಇಲ್ಲಿ ಹಾಗೆ ಮಾಡಿದ್ದರೆ ಹೆತ್ತವರು ಮಗುವನ್ನು ಎತ್ತಿಕೊಂಡು ಹೊರಟೇಬಿಡುತ್ತಿದ್ದರೇನೋ! ಪೋಪರ ಪ್ರತಿನಿಧಿ ಟುರ್ನೋನ್ 1704ರಲ್ಲಿ ಪುದುಚೇರಿಯಲ್ಲಿ ಹೊರಡಿಸಿದ ಆಜ್ಞೆ ಈ ಬಿಡುವಿಕೆಯನ್ನೂ ಖಂಡಿಸಿತು. ಜಗಳ 1744ರಲ್ಲಿ ಪೋಪ್ 14ನೇ ಬೆನೆಡಿಕ್ಟರ ಶಾಸನದವರೆಗೂ ಎಳೆದುಕೊಂಡು ಹೋಯಿತು. ಕೊನೆಗೆ 1969ರಲ್ಲಿ ಪರಿಷ್ಕರಿಸಿದ ವಿಧಿಯಲ್ಲಿ ಉಗುಳು ತಾನಾಗಿಯೇ ಬಿದ್ದುಹೋಯಿತು.

ಜ್ಞಾನಸ್ನಾನ ‘ಅಗತ್ಯ’ ಎಂದು ಕಥೋಲಿಕ ಚರ್ಚ್ ಹೇಳುವಾಗ ಆ ಅಗತ್ಯ ಎಷ್ಟು ಅಗಲದ್ದು ಎಂಬುದಕ್ಕೆ ಈ ಜಗಳವೇ ಅಳತೆಗೋಲು. ಶಿಸ್ತಿನ ಬಗ್ಗೆ ಅಷ್ಟು ಹಟ ಹಿಡಿದ ಚರ್ಚ್ ಕೂಡ, ಉಗುಳಿಲ್ಲದೆ ಆದ ಜ್ಞಾನಸ್ನಾನ ಅಸಿಂಧು ಎಂದು ಬೋಧಿಸಿದ್ದಿಲ್ಲ. ತೈಲ, ಬಿಳಿ ಬಟ್ಟೆ, ಮೇಣದಬತ್ತಿ, ಜ್ಞಾನ ತಂದೆತಾಯಿ ಎಲ್ಲವೂ ಅರ್ಥ ತುಂಬುವಂಥವು. ಸಂಸ್ಕಾರ ನಿಲ್ಲುವುದು ಮಾತ್ರ ನೀರು, ಪಿತ–ಸುತ–ಪವಿತ್ರಾತ್ಮರ ನಾಮ ಮತ್ತು ಚರ್ಚ್ ಮಾಡುವುದನ್ನೇ ಮಾಡುತ್ತಿದ್ದೇನೆಂಬ ಸಂಕಲ್ಪ, ಈ ಮೂರರ ಮೇಲೆ. ಪ್ರಾಣಾಪಾಯದಲ್ಲಿ ಪಾದ್ರಿಯೂ ಬೇಕಿಲ್ಲ. ಹೆರಿಗೆ ವಾರ್ಡಿನ ನರ್ಸ್, ಆಕೆ ಕ್ರೈಸ್ತಳಲ್ಲದಿದ್ದರೂ, ಆ ಸಂಕಲ್ಪದಿಂದ ಕೊಟ್ಟರೆ ಸಾಕು. ಆದರೆ ಈ ಮೂರರಲ್ಲಿ ರಾಜಿಯಿಲ್ಲ. ‘ನಾನು’ ಎನ್ನುವ ಕಡೆ ‘ನಾವು’ ಎಂದು ಕೊಟ್ಟ ಜ್ಞಾನಸ್ನಾನ ಸಲ್ಲದು ಎಂದು ವ್ಯಾಟಿಕನ್ 2020ರಲ್ಲಿ ತೀರ್ಪು ಕೊಟ್ಟಿತು. ಕನ್ನಡದ ಕ್ರಿಯಾಪದದಲ್ಲಾದರೆ ‘ಕೊಡುತ್ತೇನೆ’ ‘ಕೊಡುತ್ತೇವೆ’ಯಾಗುವ ಒಂದಕ್ಷರದ ವ್ಯತ್ಯಾಸ. ಇದು ಅಕ್ಷರಪೂಜೆಯಂತೆ ಕಂಡೀತು. ಆದರೆ ಕೊಡುವವನು ನೆರೆದ ಮಂದಿಯಲ್ಲ, ಪಾದ್ರಿಯ ಬಾಯಿಂದ ಮಾತಾಡುವ ಕ್ರಿಸ್ತನೇ ಎಂಬ ನಂಬಿಕೆ ಆ ಅಕ್ಷರದಲ್ಲಿ ಕೂತಿದೆ.

ಹಾಗಾದರೆ ಜ್ಞಾನಸ್ನಾನ ಇಲ್ಲದವರೆಲ್ಲ ನರಕಕ್ಕೆಯೇ? ಕ್ರೈಸ್ತೇತರ ಓದುಗರು ಕೇಳಲೇಬೇಕಾದ ಪ್ರಶ್ನೆ ಇದು. ನೀರಿನಿಂದಲೂ ಆತ್ಮದಿಂದಲೂ ಹುಟ್ಟದೆ ದೇವರ ರಾಜ್ಯ ಸೇರಲಾಗದೆಂದು ನಿಕೊದೇಮನಿಗೆ ಯೇಸು ಹೇಳಿದ್ದು ಯೊವಾನ್ನನ ಶುಭಸಂದೇಶದ 3ನೇ ಅಧ್ಯಾಯದಲ್ಲಿದೆ. ಚರ್ಚ್ ಅದನ್ನು ಸಡಿಲಿಸಿಲ್ಲ. ಆದರೆ ಸ್ನಾನಕ್ಕೆ ಮೊದಲೇ ವಿಶ್ವಾಸಕ್ಕಾಗಿ ಸತ್ತವರಿಗೆ ರಕ್ತವೇ ಸ್ನಾನ, ಅದನ್ನು ಬಯಸುತ್ತ ಸತ್ತವರಿಗೆ ಬಯಕೆಯೇ ಸ್ನಾನ ಎಂಬುದೂ ಹಳೆಯ ಬೋಧನೆಯೇ. ಕ್ರಿಸ್ತನನ್ನರಿಯದೆ ಮನಸ್ಸಾಕ್ಷಿಯಂತೆ ನಡೆದವರಿಗೂ ರಕ್ಷಣೆ ಸಿಗಬಹುದು ಎಂದು ಎರಡನೇ ವ್ಯಾಟಿಕನ್ ಸಭೆ 1964ರಲ್ಲಿ ಸ್ಪಷ್ಟವಾಗಿ ಬರೆಯಿತು. ಸ್ನಾನವಾಗದೆ ತೀರಿಕೊಂಡ ಕೂಸುಗಳ ಬಗ್ಗೆ ಭರವಸೆ ಇಡಬಹುದೆಂದು ವ್ಯಾಟಿಕನ್‌ನ ದೈವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು. ದೇವರು ರಕ್ಷಣೆಯನ್ನು ಸಂಸ್ಕಾರಕ್ಕೆ ಕಟ್ಟಿದ್ದಾನೆ, ತನ್ನನ್ನು ಕಟ್ಟಿಕೊಂಡಿಲ್ಲ ಎಂಬುದು ಇದರ ತಾತ್ಪರ್ಯ. ಹಾಗಿದ್ದರೆ ನೀರೇಕೆ ಎನ್ನಬಹುದು. ಜೀವನದಿಯಿಲ್ಲದ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಮಳೆ ಕೆರೆಯ ಹೊರಗೂ ಸುರಿಯುತ್ತದೆ. ಹಾಗೆಂದು ಕೆರೆ ಬೇಡವೆಂದವರಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ: ಬಾಯಿಬಾರದ ಕೂಸಿಗೆ ಯಾರನ್ನು ಕೇಳಿ ನೀರು ಹೊಯ್ದಿರಿ? ಹೆಸರನ್ನೂ ಮಾತನ್ನೂ ಕೇಳದೆಯೇ ಕೊಡುತ್ತೇವೆ, ಅನುಗ್ರಹ ಮೊದಲು ಬರುವುದು ವರವಾಗಿ ಎಂಬುದು ಚರ್ಚಿನ ಉತ್ತರ. ಮಗು ಬೆಳೆದಮೇಲೆ ತನ್ನ ಬಾಯಿಂದಲೇ ಒಪ್ಪಿಕೊಳ್ಳಲು ದೃಢೀಕರಣ ಸಂಸ್ಕಾರವಿದೆ. ಉತ್ತರ ತರ್ಕಕ್ಕೆ ನಿಲ್ಲುತ್ತದೆ. ಆದರೂ ನಮ್ಮ ದೇಶದಲ್ಲಿ ಆ ನೀರಿಗೆ ಕಚೇರಿಯ ಬೆಲೆಯೂ ಉಂಟು. ಪುದುಚೇರಿಯ ಮಹಿಳೆಯೊಬ್ಬರಿಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರವನ್ನು ನಿರಾಕರಿಸುವಾಗ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ಆಕೆ ಚರ್ಚಿಗೆ ಹೋಗುತ್ತಿದ್ದುದರ ಜತೆಗೆ ಹಸುಗೂಸಾಗಿದ್ದಾಗ ಆದ ಜ್ಞಾನಸ್ನಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಜಾತಿಯ ಭಾರ ಆ ನೀರಿನಲ್ಲಿ ತೊಳೆದುಹೋಗುವುದಿಲ್ಲ, ಪರಿಶಿಷ್ಟ ಜಾತಿಯ ಮೀಸಲಾತಿ ಮಾತ್ರ ಹೋಗುತ್ತದೆ. ಇದು ದೈವಶಾಸ್ತ್ರದ ತಪ್ಪಲ್ಲ, ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಡುವ 1950ರ ರಾಷ್ಟ್ರಪತಿ ಆಜ್ಞೆಯ ಫಲ ಎನ್ನಬಹುದು. ನಷ್ಟ ಮಾತ್ರ ಆ ಮಗುವಿನದೇ.

ವಯಸ್ಕರ ವಿಷಯದಲ್ಲಿ ಮಾತು ಬೇರೆ. ಮತಾಂತರವಾಗುವವರೂ ಮಾಡಿಸುವವರೂ 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಕರ್ನಾಟಕ 2022ರಲ್ಲಿ ಕಾಯ್ದೆ ತಂದಾಗ ಬಲವಂತದ ಮಾತು ಬಹಳ ಕೇಳಿಬಂತು. ಆದರೆ ಮನಸ್ಸಿಲ್ಲದ ವಯಸ್ಕನ ತಲೆಗೆ ಹೊಯ್ದ ನೀರು ಕಥೋಲಿಕ ನಿಯಮದಂತೆ ಜ್ಞಾನಸ್ನಾನವೇ ಅಲ್ಲ. ಬಯಸಿ ಬಂದವರಿಗೂ ಸಾಮಾನ್ಯವಾಗಿ ತಿಂಗಳುಗಟ್ಟಲೆ ಪಾಠ, ಪರೀಕ್ಷೆ ಉಂಟು. ಒಮ್ಮೆ ಸರಿಯಾಗಿ ಆದದ್ದನ್ನು ಮತ್ತೆ ಕೊಡುವಂತೆಯೂ ಇಲ್ಲ. ಪ್ರೊಟೆಸ್ಟಂಟರ ಸಿಎಸ್‌ಐ ಸಭೆಯಲ್ಲಿ ಜ್ಞಾನಸ್ನಾನ (ಅವರ ಮಾತಿನಲ್ಲಿ ದೀಕ್ಷಾಸ್ನಾನ) ಪಡೆದವರು ಕಥೋಲಿಕರಾದರೆ ಪಾದ್ರಿ ಆ ಸಭೆಯ ಪ್ರಮಾಣಪತ್ರ ಕೇಳಿ ನೋಡುತ್ತಾರೆ, ನೀರಿನ ಪಾತ್ರೆಯನ್ನು ಮುಟ್ಟುವುದಿಲ್ಲ.