ಗೋಡೆಯೇ ಮೊದಲ ಗೆರೆ ಎಳೆದಿರುತ್ತದೆ

ಬೆಂಗಳೂರಿನ ಶಿವಾಜಿನಗರದ ಗೋಡೆಗಳು ಬೆಳಗಿನ ಏಳು ಗಂಟೆಗೆ ಕಾಣುತ್ತವೆ, ಹತ್ತರ ಮೇಲೆ ಕಾಣುವುದಿಲ್ಲ. ರಸೆಲ್ ಮಾರ್ಕೆಟ್ಟಿನ ಮುಂದಿನ ಚೌಕಕ್ಕೆ ತಳ್ಳುಗಾಡಿ, ಆಟೋ, ಹಣ್ಣಿನ ಬುಟ್ಟಿ, ಮೀನಿನ ಪೆಟ್ಟಿಗೆ ಎಲ್ಲ ಬಂದು ತುಂಬಿಕೊಂಡವೆಂದರೆ ಗೋಡೆ ಎನ್ನುವುದು ಯಾರೋ ಬೆನ್ನು ಆನಿಸಿ ನಿಲ್ಲುವ ಜಾಗವಷ್ಟೆ. ಹಾಗಾಗಿ ಗೋಡೆ ನೋಡಬೇಕೆನ್ನುವವರು ಬೇಗ ಎದ್ದು ಬರಬೇಕು.

ಹಿಂದಿನ ಓಣಿಯ ಒಂದು ಗೋಡೆಯನ್ನು ಹತ್ತಿರದಿಂದ ನೋಡಿ. ಬುಡದಲ್ಲಿ ಗಾರೆ ಕಳಚಿ ಇಟ್ಟಿಗೆ ಇಣುಕಿದೆ. ಅದರ ಮೇಲೆ ಯಾವ ಕಾಲದ್ದೋ ಹಳದಿ ಸುಣ್ಣ. ಸುಣ್ಣದ ಮೇಲೆ ನೀಲಿ ಡಿಸ್ಟೆಂಪರ್, ಅದೂ ಮಳೆ ಕುಡಿದು ಹೊಪ್ಪಳೆ ಎದ್ದಿದೆ. ಪೋಸ್ಟರ್ ಕಿತ್ತ ಕಡೆಯೆಲ್ಲ ಗೋಂದಿನ ಕಂದು ಕಲೆ. ಅದಕ್ಕೆ ಅಂಟಿಕೊಂಡು ಉಳಿದ ಒಬ್ಬ ನಾಯಕನ ಅರ್ಧ ಮೀಸೆ. ಇದ್ದಿಲಿನಲ್ಲಿ ಎಳೆದ ಮೂರು ವಿಕೆಟ್ಟು. ನಡುವಿನದು ಚೆಂಡಿನ ಏಟಿಗೆ ಮಸುಕಾಗಿದೆ. 'ಇಲ್ಲಿ ಮೂತ್ರ ಮಾಡಬಾರದು' ಎಂಬ ಕೆಂಪಕ್ಷರ. ಆ ಮಾತು ಸಾಲದೆಂದು ಮೊಣಕಾಲೆತ್ತರಕ್ಕೆ ಕೂಡಿಸಿದ ಟೈಲ್ಸುಗಳು: ಗಣಪತಿ, ಶಿಲುಬೆ, ಕಾಬಾ, ಮೂರೂ ಒಂದೇ ಸಾಲಿನಲ್ಲಿ.

ಸ್ಪ್ರೇ ಡಬ್ಬಿ ಹಿಡಿದ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಒಂದೇ: ಏನು ಬರೆಯಲಿ? ಅವರ ಮೊಬೈಲಿನಲ್ಲಿ ಬರ್ಲಿನ್ ಇದೆ, ನ್ಯೂಯಾರ್ಕ್ ಇದೆ, ಉಬ್ಬಿದ ಇಂಗ್ಲಿಷ್ ಅಕ್ಷರಗಳ ನೂರು ನಮೂನೆ ಇದೆ. ಅದನ್ನೆಲ್ಲ ನೋಡಬಾರದೆಂದು ನಾನು ಹೇಳುವುದಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ಈ ಗೋಡೆಬರಹ ಹೆಸರಾದ ಬಗೆಯನ್ನು ಒಂದಿಷ್ಟು ನೆನೆಯಬೇಕು. ಗ್ರೀಕ್ ಮೂಲದ ಒಬ್ಬ ಹುಡುಗ ಕೊರಿಯರ್ ಕೆಲಸಕ್ಕೆ ಊರೆಲ್ಲ ಸುತ್ತುತ್ತ, ಹೋದ ಕಡೆಯಲ್ಲೆಲ್ಲ 'ಟಾಕಿ 183' ಎಂದು ಬರೆಯುತ್ತಿದ್ದ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನ ಬಗ್ಗೆ ಬರೆದ ಮೇಲೆ ಜಗತ್ತೇ ಅವನತ್ತ ತಿರುಗಿತು. ಟಾಕಿ ಮನೆಯವರು ಕರೆಯುವ ಹೆಸರು. 183 ಅವನ ಬೀದಿಯ ಸಂಖ್ಯೆ. ಆ ಹುಡುಗ ಯಾವ ದೂರದೇಶದ ಚಿತ್ರವನ್ನೂ ನೋಡಿ ಬರೆಯಲಿಲ್ಲ. ತನ್ನ ಬೀದಿಯನ್ನೇ ಬರೆದ.

ನಮ್ಮ ದಂಡಿನ ಬೀದಿಗಳಿಗೆ ಬರೆಯಲು ಏನು ಕಡಿಮೆ? 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದಾಗಿನಿಂದ ಸೈನ್ಯದ ಹಿಂದೆ ಬಂದವರು, ಸೈನ್ಯಕ್ಕೆ ಬೇಕಾದದ್ದನ್ನು ಮಾರಲು ಬಂದವರು, ಚಾಕರಿಗೆ ಬಂದವರು ಎಲ್ಲ ತಂತಮ್ಮ ಲಿಪಿ ಸಮೇತ ಬಂದಿಳಿದರು. ಇವತ್ತಿಗೂ ಒಂದೇ ಬೋರ್ಡಿನ ಮೇಲೆ ಕನ್ನಡ, ಉರ್ದು, ಇಂಗ್ಲಿಷ್ ಕೂಡಿ ಇರುವುದು ಇಲ್ಲಿ ಸಾಮಾನ್ಯ. ಹಲಸೂರಿನತ್ತ ನಡೆದರೆ ತಮಿಳೂ ಸೇರಿಕೊಳ್ಳುತ್ತದೆ. ಉರ್ದು ಬಲದಿಂದ ಎಡಕ್ಕೆ ಜಾರುತ್ತ ಬರುತ್ತದೆ, ಕನ್ನಡ ಎಡದಿಂದ ಬಲಕ್ಕೆ ಉರುಳುತ್ತ ಹೋಗುತ್ತದೆ. ಬೋರ್ಡ್ ಬರೆಯುವ ಹಳೆಯ ಕೈಗಳಿಗೆ ಇದರ ಲೆಕ್ಕ ಗೊತ್ತು. ಸೀಮೆಸುಣ್ಣ ಸವರಿದ ದಾರವನ್ನು ಎರಡು ಕಡೆ ಬಿಗಿದು ಮೀಟಿದರೆ ನೇರ ಗೆರೆ ಬೀಳುತ್ತದೆ. ಕನ್ನಡಕ್ಕಾದರೆ ಆ ಗೆರೆಯ ಕೆಳಗೂ ಜಾಗ ಬಿಡಬೇಕು, ಒತ್ತಕ್ಷರ ಕೂರಲು. ನಮ್ಮ ಅಕ್ಷರದಲ್ಲಿ ನೇರ ಗೆರೆ ಕಡಿಮೆ, ಬಳುಕು ಜಾಸ್ತಿ. ಮೊಣಕೈ ಬಾಗಿಸದೆ ಭುಜದಿಂದಲೇ ತೋಳು ತಿರುಗಿಸಿ ಸ್ಪ್ರೇ ಹೊಡೆಯುವವರಿಗೆ ಇದಕ್ಕಿಂತ ಒಗ್ಗುವ ಲಿಪಿ ಬೇರೆ ಬೇಕಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. 'ಲ' ಬರೆಯುವಾಗ ಡಬ್ಬಿಯನ್ನು ಗೋಡೆಗೆ ಹತ್ತಿರ ಹಿಡಿದರೆ ಗೆರೆ ಸಣ್ಣಗೆ, ಗಟ್ಟಿಯಾಗಿ ಬರುತ್ತದೆ; ಸುತ್ತು ಮುಗಿಯುವಲ್ಲಿ ಒಂದು ಗೇಣು ಹಿಂದಕ್ಕೆ ಎಳೆದರೆ ಬಣ್ಣ ಮಂಜಾಗಿ ಹರಡಿ ಅಕ್ಷರ ತಾನಾಗಿ ತಿರುಗಿದಂತೆ ಕಾಣುತ್ತದೆ.

ಶಿವಾಜಿನಗರದಿಂದ ಕಾಮರಾಜ ರಸ್ತೆ ಹಿಡಿದು ಕಬ್ಬನ್ ರಸ್ತೆಯ ಕಡೆ ಬನ್ನಿ. ಬೆಂಗಳೂರಿನ ಬೀದಿ ಕಲೆಯಲ್ಲಿ ನಾನು ಬಹಳ ದೊಡ್ಡದೆಂದು ತಿಳಿದಿರುವ ಒಂದು ಕೆಲಸ ಆಗಿದ್ದು ಈ ಕೂಡುರಸ್ತೆಯಲ್ಲಿ. 2017ರ ಅಕ್ಟೋಬರ್. ಆ ಮಳೆಗೆ ಊರಿನ ರಸ್ತೆಗಳು ಕಿತ್ತುಹೋಗಿದ್ದವು. ಗುಂಡಿಯ ದೆಸೆಯಿಂದ ಬಿದ್ದು ಸತ್ತ ಬೈಕ್ ಸವಾರರ ಸುದ್ದಿ ಪತ್ರಿಕೆಗಳಲ್ಲಿ ಒಂದರ ಹಿಂದೆ ಒಂದು ಬರುತ್ತಿತ್ತು. ಇಲ್ಲಿಯೂ ಒಂದು ದೊಡ್ಡ ಗುಂಡಿ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ ಅದನ್ನು ನೀಲಿ ಕೊಳ ಮಾಡಿದರು. ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಅದರಲ್ಲಿ ಕೂತರು. ಬಸ್ಸು, ಬೈಕು, ಆಟೋಗಳ ನಡುವೆ ಮೀನಿನ ಬಾಲದ ಹೆಣ್ಣೊಬ್ಬಳು! ದಿನವೂ ಆ ಗುಂಡಿಯನ್ನು ಬೈದುಕೊಂಡು ದಾಟುತ್ತಿದ್ದವರು ಅಂದು ನಿಂತು ನೋಡಿದರು.

ಅದಕ್ಕೆ ಎರಡು ವರ್ಷ ಮೊದಲು, 2015ರ ಜೂನ್‌ನಲ್ಲಿ, ದಂಡಿನಿಂದ ಉತ್ತರಕ್ಕಿರುವ ಸುಲ್ತಾನ್‌ಪಾಳ್ಯದಲ್ಲಿ ಅವರು ಮೊಸಳೆ ಬಿಟ್ಟಿದ್ದರು. ಸುಮಾರು 12 ಅಡಿಯ ಗುಂಡಿ, ನೀರು ನಿಂತು ಬಿಟ್ಟಿತ್ತು. ಸುತ್ತ ಹಸಿರು ಬಣ್ಣ ಬಳಿದು, ಫೈಬರಿನ ಮೊಸಳೆಯನ್ನು ತಂದು ಇಳಿಸಿದರು. ತೂಕ 20 ಕಿಲೋ, ಖರ್ಚು 6,000 ರೂಪಾಯಿ, ಅದೂ ಸ್ವಂತದ್ದು. ಸುದ್ದಿ ದೇಶ ದಾಟಿತು, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ದೇಶವೆಲ್ಲ ಕಾಯುತ್ತಿದ್ದಾಗ, ಪಶ್ಚಿಮದ ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆಯಲ್ಲಿ ಗಗನಯಾತ್ರಿಯೊಬ್ಬರು ಚಂದ್ರನ ಮೇಲೆ ತೇಲುತ್ತ ನಡೆದರು. ಪಕ್ಕದಲ್ಲೊಂದು ಆಟೋ ಹಾದುಹೋದಾಗಲೇ ನೋಡುವವರಿಗೆ ತಿಳಿದದ್ದು, ಅದು ಚಂದ್ರನ ಕುಳಿಯಲ್ಲ, ನಮ್ಮ ರಸ್ತೆಯ ಗುಂಡಿ ಎಂದು. ಬಿಳಿ ಪೋಷಾಕಿನೊಳಗಿದ್ದವರು ನಟ ಪೂರ್ಣಚಂದ್ರ ಮೈಸೂರು. ಆ ಗುಂಡಿಗಳನ್ನೂ ಪಾಲಿಕೆ ಬಂದು ಮುಚ್ಚಿತು.

ಮೂರನ್ನೂ ಜೊತೆಗಿಟ್ಟು ನೋಡಿದರೆ ಕಲ್ಪನೆ ಎಲ್ಲಿಂದ ಬಂತೆಂದು ಕಾಣುತ್ತದೆ. ನೀರು ನಿಂತ ಉದ್ದನೆಯ ಗುಂಡಿ ಮೊಸಳೆ ಕೇಳಿತು. ಕೊಳದಂಥದ್ದು ಮತ್ಸ್ಯಕನ್ಯೆಯನ್ನು ಕೇಳಿತು. ಒಣಗಿ, ಅಂಚು ಎದ್ದು, ರಾತ್ರಿ ದೀಪಕ್ಕೆ ನೆರಳು ಚೆಲ್ಲುತ್ತಿದ್ದದ್ದು ಚಂದ್ರನ ನೆಲವಾಯಿತು. ಚಿತ್ರ ಮೊದಲು ಹೊಳೆದು ಆಮೇಲೆ ಜಾಗ ಹುಡುಕಿದ್ದರೆ ಇವು ಇಷ್ಟು ಕರಾರುವಾಕ್ಕಾಗಿ ಕೂರುತ್ತಿರಲಿಲ್ಲ. ಇದು ಗ್ರಾಫಿಟಿಯೇ ಎಂದು ತಕರಾರು ತೆಗೆಯುವವರಿದ್ದಾರೆ. ಗ್ಯಾಲರಿಯ ಬಾಗಿಲು ಕಾಯದೆ, ಊರು ಬಳಸುವ ಜಾಗದಲ್ಲಿ, ಊರಿಗೆ ಹೇಳಬೇಕಾದ್ದನ್ನು ಬಣ್ಣದಲ್ಲಿ ಹೇಳಿದವರನ್ನು ನಾನು ಆ ಸಾಲಿಗೇ ಸೇರಿಸುತ್ತೇನೆ.

ಹಲಸೂರಿಗೆ ಬಂದರೆ ಕಣ್ಣಿಗೆ ಬೀಳುವ ಮೊದಲ ಚಿತ್ರಗೋಡೆ ನೂರಾರು ವರ್ಷ ಹಳೆಯದು. ಸೋಮೇಶ್ವರ ದೇವಸ್ಥಾನದ ಗೋಡೆಯಲ್ಲಿ ಕೈಲಾಸ ಎತ್ತುವ ರಾವಣ ಇದ್ದಾನೆ, ಗಿರಿಜಾ ಕಲ್ಯಾಣ ಇದೆ. ಅಕ್ಷರ ಬಾರದವರಿಗೂ ಕಥೆ ತಲುಪಲಿ ಎಂದು ಕಡೆದ ಸಾಲುಗಳಿವು. ಬೀದಿಗೋಡೆಗೆ ಚಿತ್ರ ಬರೆಯಲು ಹೊರಟವರು ಇಲ್ಲಿ ಅರ್ಧ ದಿನ ಕೂರಬೇಕು. ಇಂಥ ಕಲ್ಲಿನ ಮೇಲೆ ಒಂದು ಹನಿ ಬಣ್ಣವೂ ಬೀಳಕೂಡದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಹೊರಗಿನ ಬೀದಿಯಲ್ಲಿ ಆಟೋಗಳ ಬೆನ್ನನ್ನು ಓದಿ. ತಾಯಿಯ ಆಶೀರ್ವಾದ, ಒಂದು ಸಾಲಿನ ವಿರಹ, ಪಕ್ಕದಲ್ಲಿ ಶಂಕರ್‌ನಾಗ್. 1980ರ 'ಆಟೋ ರಾಜ' ಬಂದಂದಿನಿಂದ ಶಂಕರಣ್ಣ ಆಟೋದಿಂದ ಇಳಿದೇ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಬಡಾವಣೆ ಬಡಾವಣೆಗಳ ಗೋಡೆಗಳಲ್ಲಿ ಅಪ್ಪು ನಗತೊಡಗಿದರು. ಅವನ್ನು ಬರೆದ ಅನೇಕರ ಹೆಸರು ಯಾರಿಗೂ ಗೊತ್ತಿಲ್ಲ. ದುಃಖವೇ ಅವರ ಕೈ ಹಿಡಿದು ಬರೆಸಿತು.

ಇದಕ್ಕೆ ಮೊದಲೂ ಊರಿನ ಗೋಡೆಗಳಿಗೆ ದೊಡ್ಡ ಮಟ್ಟದಲ್ಲಿ ಬಣ್ಣ ಬಿದ್ದದ್ದುಂಟು. 2009ರಲ್ಲಿ ಪಾಲಿಕೆ, ಪೋಸ್ಟರ್ ಹಾವಳಿ ತಪ್ಪಿಸಲು, ಸಿನಿಮಾ ಬ್ಯಾನರ್ ಬರೆಯುತ್ತಿದ್ದವರನ್ನು ಕರೆಸಿ ಕಾಂಪೌಂಡುಗಳ ಮೇಲೆ ಹಂಪಿಯ ರಥ, ಮೈಸೂರು ಅರಮನೆ, ಜೋಗ, ಯಕ್ಷಗಾನ ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಕೈಗಳವು. ಸಣ್ಣ ಫೋಟೋದ ಮೇಲೆ ಚೌಕುಳಿ ಎಳೆದು, ಗೋಡೆಯ ಮೇಲೆ ಅಷ್ಟೇ ಚೌಕುಳಿಯನ್ನು ಹಿಗ್ಗಿಸಿ, ಒಂದೊಂದು ಮನೆ ತುಂಬುತ್ತ ನಲವತ್ತು ಅಡಿಯ ಮುಖವನ್ನೂ ತಪ್ಪಿಲ್ಲದೆ ಮೂಡಿಸುವ ಕುಶಲಿಗಳು. ಅವರಿಗೆ ಕೂಲಿ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಆ ಚಿತ್ರಗಳು ಪ್ರವಾಸಿ ಕ್ಯಾಲೆಂಡರಿನಿಂದ ಬಂದವು. ನಿಂತ ಬೀದಿಯ ಬಗ್ಗೆ ಅವಕ್ಕೆ ಹೇಳಲು ಏನೂ ಇರಲಿಲ್ಲ. ಆ ಕುಶಲಿಗಳಿಗೆ 'ನಿಮ್ಮ ಬೀದಿಯನ್ನೇ ಬರೆಯಿರಿ' ಎಂದಿದ್ದರೆ ಬೆಂಗಳೂರಿಗೆ ಬೇರೆಯೇ ಚರಿತ್ರೆ ಸಿಗುತ್ತಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ತಮ್ಮನ್ನೇ ಗೋಡೆಗೆ ಬರೆದುಕೊಂಡವರೂ ಈ ಊರಿನಲ್ಲಿದ್ದಾರೆ. ಪೂರ್ಣಿಮಾ ಸುಕುಮಾರ್ 2016ರಲ್ಲಿ ಶುರುಮಾಡಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಏಣಿ ಹತ್ತಿ, ಕುಂಚ ಹಿಡಿದು, ತಮ್ಮ ಮುಖಗಳನ್ನು ಮನೆಯಷ್ಟೆತ್ತರ ಬರೆಯುತ್ತಾರೆ. ಸಿಗ್ನಲ್ಲಿನಲ್ಲಿ ಗಾಜು ಏರಿಸಿಕೊಳ್ಳುವ ಊರು ಆ ಮುಖಗಳನ್ನು ತಲೆಯೆತ್ತಿ ನೋಡಬೇಕು. 2024ರ ವೆನಿಸ್ ಬಿಯೆನಾಲೆ ಕಲಾಮೇಳದವರೆಗೆ ಅವರ ಚಿತ್ರ ತಲುಪಿತು.

ಇಂದಿರಾನಗರದಲ್ಲಿ ಬಣ್ಣಕ್ಕೆ ಬರವಿಲ್ಲ. ನೂರಡಿ ರಸ್ತೆ, ಹನ್ನೆರಡನೇ ಮೇನ್, ಎಲ್ಲಿ ನೋಡಿದರೂ ಕೆಫೆಯ ಗೋಡೆ ತುಂಬ ಚಿತ್ರ, ಅದರ ಮುಂದೆ ಸೆಲ್ಫಿ. ದುಡ್ಡು ಕೊಟ್ಟು ಬರೆಸಿದ್ದರಲ್ಲಿ ತಪ್ಪಿಲ್ಲ, ಚಿತ್ರಗಾರರೂ ಬದುಕಬೇಕು. ಆದರೂ ಅಲ್ಲಿ ನನ್ನ ಕಾಲು ನಿಲ್ಲುವುದಿಲ್ಲ. ಅದಕ್ಕಿಂತ, ಹೆಸರು ಹೇಳಿಕೊಳ್ಳದೆ 2010ರಿಂದ ಕಸದ ಮೂಲೆಗಳನ್ನು ತೊಳೆದು ಬಣ್ಣ ಬಳಿಯುತ್ತಿರುವ 'ದಿ ಅಗ್ಲಿ ಇಂಡಿಯನ್' ಗುಂಪಿನವರು ಫ್ಲೈಓವರ್ ಕಂಬಗಳಿಗೆ ಬರೆದ ತ್ರಿಕೋನಗಳು ಹೆಚ್ಚು ಹಿಡಿಸುತ್ತವೆ. ಉಚ್ಚೆ, ಎಲೆಯಡಿಕೆಯ ಕಲೆಗಳಿದ್ದ ಕಂಬ ಅದೆಂದು ಗೊತ್ತಿರುವುದರಿಂದ.

ಪೂರ್ವಕ್ಕೆ ಸಾಗಿದಷ್ಟೂ ಖಾಲಿ ಸಿಮೆಂಟು ಬೆಳೆಯುತ್ತದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಗೆ ಬಂದು ನಿಂತಿದ್ದ ಮೆಟ್ರೋ 2023ರಲ್ಲಿ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಮುಟ್ಟಿತು. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ನಿಂತು ನೋಡಿ: ರೈಲು ಹಳಿ, ಮೆಟ್ರೋ ಕಂಬ, ಬಸ್ಸಿಗೆ ಓಡುವ ಜನ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಚಪ್ಪಲಿ, ಮಂಡಿಯವರೆಗೆ ಮಳೆನೀರು. ಇಷ್ಟು ಜನ ಒಟ್ಟಿಗೆ ಕಾಯುವ ಜಾಗ ಊರಿನಲ್ಲಿ ಅಪರೂಪ. ಈ ಕಾಯುವಿಕೆಗೆ ಇನ್ನೂ ತಕ್ಕ ಚಿತ್ರಗಾರ ಸಿಕ್ಕಿಲ್ಲ.

ಕಾನೂನು ಇದೆ ಎಂಬುದನ್ನೂ ಎಳೆಯರು ತಿಳಿದಿರಬೇಕು. 1981ರ ಕರ್ನಾಟಕ ತೆರೆದ ಸ್ಥಳ ವಿರೂಪ ತಡೆ ಕಾಯ್ದೆಯಡಿ, ಸಾರ್ವಜನಿಕರಿಗೆ ಕಾಣುವ ಕಡೆ ಸ್ಥಳೀಯ ಆಡಳಿತದ ಲಿಖಿತ ಅನುಮತಿಯಿಲ್ಲದೆ ಬರೆದರೆ, ಅಂಟಿಸಿದರೆ 6 ತಿಂಗಳವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಆ ಅನುಮತಿ ತೆಗೆದುಕೊಂಡು, ಗೋಡೆಯ ಯಜಮಾನರನ್ನೂ ಕೇಳಿ, ಕಾಗದದಲ್ಲಿ ಒಪ್ಪಿಗೆ ಪಡೆದು, ಹಳೆಯ ಸುಣ್ಣ ಕೆರೆದು, ಪ್ರೈಮರ್ ಹೊಡೆದು, ಆಮೇಲೆ ಡಬ್ಬಿ ಅಲ್ಲಾಡಿಸಿ.

ಗೋಡೆ ಇರುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಶಿವಾಜಿನಗರದಲ್ಲೋ ಕೆ.ಆರ್. ಪುರದಲ್ಲೋ ನಿಮ್ಮ ಕಾಂಪೌಂಡು ಬೋಳಾಗಿದ್ದು, ಬಣ್ಣ ಮೆತ್ತಿದ ಕೈಯ ಹುಡುಗಿಯೊಬ್ಬಳು ಗೇಟಿನ ಹತ್ತಿರ ಬಂದು 'ಅಂಕಲ್, ಇಲ್ಲಿ ಬರೆಯಲಾ?' ಎಂದು ಕೇಳಿದರೆ, ಏನು ಬರೆಯುತ್ತೀಯ ಎಂದು ವಿಚಾರಿಸಿ. ಉತ್ತರದಲ್ಲಿ ನಿಮ್ಮ ಬೀದಿ ಇದ್ದರೆ ಗೋಡೆಯನ್ನು ಅವಳಿಗೆ ಬಿಟ್ಟುಕೊಡಿ.