ಗೋಡೆ ಬಿಟ್ಟು ಮರ ಹಿಡಿದೆ

ಪಿಯುಸಿ ಫೇಲಾದ ಮೇಲೆ ಆರು ವರ್ಷ ಮನೆಗಳಿಗೆ ಬಣ್ಣ ಹೊಡೆದೆ. ಮಳೆಗಾಲದಲ್ಲಿ ಹೊರಗೋಡೆ ಕೆಲಸ ನಿಲ್ಲುತ್ತಿತ್ತು, ಸಾಲ ಬೆಳೆಯುತ್ತಿತ್ತು. ಅಂಥದೊಂದು ಜುಲೈನಲ್ಲಿ ಮೈಸೂರಿನಲ್ಲಿ ಹಳೆ ಪೀಠೋಪಕರಣ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರ ಬಳಿ ಕೆಲಸ ಕೇಳಿದೆ. ‘ಹೆಲ್ಪರ್ ಕೂಲಿ ಅಷ್ಟೇ ಕೊಡೋದು’ ಎಂದರು. ಅಂದರೆ ಅರ್ಧ ಸಂಪಾದನೆ. ಒಪ್ಪಿದೆ.

ಬಣ್ಣದ ಕೆಲಸ ಗೊತ್ತೆಂಬ ಜಂಬ ಮೊದಲ ವಾರವೇ ಇಳಿಯಿತು. ತೇಗದ ಕುರ್ಚಿಯನ್ನು ಗೋಡೆಯಂತೆ ಅಡ್ಡಾದಿಡ್ಡಿ ಉಜ್ಜಿದ್ದೆ. ಪಾಲಿಶ್ ಬಿದ್ದದ್ದೇ ತಡ, ಗೀರುಗಳೆಲ್ಲ ಎದ್ದು ಕಂಡವು. ‘ಗೋಡೆ ತಪ್ಪನ್ನ ಪುಟ್ಟಿ ಮುಚ್ಚುತ್ತೆ ಕಣಯ್ಯ, ಮರದ್ದು ಪಾಲಿಶ್‌ನಲ್ಲೇ ಕಾಣುತ್ತೆ’ ಎಂದರು ಮೇಸ್ತ್ರಿ. ಪಾಲಿಶ್ ಕಿತ್ತು, ಮರದ ಎಳೆಯ ಗುಂಟ 120, 220, 320ರ ಸ್ಯಾಂಡ್ ಪೇಪರ್‌ನಲ್ಲಿ ಎರಡು ದಿನ ಮತ್ತೆ ಉಜ್ಜಿದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಹತ್ತಿ ಸುತ್ತಿದ ಬಟ್ಟೆಯಿಂದ ತೆಳುವಾಗಿ, ಪದರದ ಮೇಲೆ ಪದರ ಹಚ್ಚುವುದನ್ನು ಕಲಿತೆ.

ತೇವದ ಹವೆಯಲ್ಲಿ ಈ ಪಾಲಿಶ್ ಬೆಳ್ಳಗಾಗುತ್ತದೆ. ಹಾಗಾಗಿ ಮಳೆ ಹಿಡಿದ ದಿನ ಅಲ್ಲಾಡುವ ಕಾಲು, ಸಡಿಲವಾದ ಕೀಲು ಬಿಗಿ ಮಾಡುತ್ತೇವೆ. ಇದು ನನ್ನ ಮೂರನೇ ಮಳೆಗಾಲ. ಸಾಲ ಪೂರ್ತಿ ತೀರಿಲ್ಲ, ಆದರೆ ಬೆಳೆಯುತ್ತಿಲ್ಲ.

ಕೆಲಸ ಬದಲಿಸುವ ಗೆಳೆಯರೇ, ಕೈಯ ಅಭ್ಯಾಸ ಜೊತೆಗೆ ಬರಲಿ. ಹಳೆಯ ಹಿರಿತನ ಮಾತ್ರ ಬಾಗಿಲ ಹೊರಗೇ ಇರಲಿ.